ಹನ್ನೆರಡು ದಿನ ಬಿಡದ ಗುಂಡಿ

ಗದಗ-ಬೆಟಗೇರಿ
ಮೂಡಗಾಳಿ ತಿಂಗಳ ನಲವತ್ತೊಂದನೆಯ ದಿನ, ಇಸವಿ 2211

ಹಿಂದಿನವರೇ,

ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ನಾವು ತಿಂಗಳನ್ನು ಗಾಳಿಯಿಂದ ಎಣಿಸುತ್ತೇವೆ. ಗಾಳಿ ದಿಕ್ಕು ಬದಲಿಸುವವರೆಗೆ ತಿಂಗಳು ಮುಗಿಯದು. ನನ್ನ ಬರಹದಲ್ಲಿ ನಿಮಗೆ ತಿಳಿಯದ ಮಾತುಗಳು ಬಂದರೆ ಮೊದಲೇ ಕ್ಷಮೆ ಕೇಳಬೇಕೆಂಬ ನಿಯಮವಿದೆ. ಕೇಳಿದ್ದೇನೆ. ಇದಕ್ಕಿಂತ ಹೆಚ್ಚಿನ ವಿನಯ ಇವತ್ತು ನನ್ನ ಹತ್ತಿರ ಇಲ್ಲ.

ನನ್ನ ಹೆಸರು ಫಕೀರವ್ವ ಹೊಂಬಳ. ವಯಸ್ಸು ಹದಿನೇಳು. ಗದುಗಿನ ಗಾಳಿಕಂಬದ ಶಾಲೆಯಲ್ಲಿ ಕೊನೆಯ ವರ್ಷ ಓದುತ್ತಿದ್ದೇನೆ. ಈ ಓಲೆಯನ್ನು ನಿಮ್ಮ ಮೇಲಿನ ಪ್ರೀತಿಯಿಂದ ಬರೆಯುತ್ತಿಲ್ಲ, ಶಿಕ್ಷೆಗಾಗಿ ಬರೆಯುತ್ತಿದ್ದೇನೆ. ಇದಕ್ಕೆ ನಮ್ಮಲ್ಲಿ ಹಿನ್ನೋಲೆ ಎನ್ನುತ್ತಾರೆ. ಗುರುಗಳಿಗೆ ಎದುರು ನುಡಿದ ವಿದ್ಯಾರ್ಥಿಯನ್ನು ಒಂದು ಕೋಣೆಯಲ್ಲಿ ಕೂರಿಸಿ, ಇನ್ನೂರು ವರ್ಷದ ಹಿಂದಿನವರಿಗೆ ಕಾಗದ ಬರೆಸುತ್ತಾರೆ. ಈ ಬಿಸಿಲು, ಈ ಬತ್ತಿದ ಬಾವಿ, ಒಳಕ್ಕೆ ನುಗ್ಗಿದ ಕಡಲು ಎಲ್ಲವೂ ನಿಮ್ಮ ಕೃಪೆಯಲ್ಲವೇ, ಆದ್ದರಿಂದ ಮನಸ್ಸಿಗೆ ಬಂದಷ್ಟು ಬೈದು ಹಗುರಾಗಿ ಮನೆಗೆ ಹೋಗಲಿ ಎಂದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆ ನಿಮ್ಮ ಕಾಲದಲ್ಲೂ ಇತ್ತಂತೆ. ಇಲ್ಲಿ ಕೊತ್ತಿ ನೀವು. ಸತ್ತವರನ್ನು ಎಷ್ಟು ಬೈದರೂ ಎದ್ದು ಬಂದು ಜಗಳ ಆಡುವುದಿಲ್ಲ, ಊರಿನ ಮರ್ಯಾದೆಗೂ ಧಕ್ಕೆಯಿಲ್ಲ. ಆದರೆ ನನ್ನ ಸಿಟ್ಟನ್ನು ಪೂರ್ತಿ ನಿಮ್ಮ ತಲೆಗೆ ಕಟ್ಟಿ ನನ್ನ ಊರನ್ನೂ ನನ್ನನ್ನೂ ಬಿಡಿಸಿಕೊಳ್ಳಲು ನಾನು ಒಲ್ಲೆ. ನಿಮ್ಮ ಪಾಲು ಎಷ್ಟೋ ಅಷ್ಟನ್ನೇ ನಿಮಗೆ ಕೊಡುತ್ತೇನೆ.

ನಮ್ಮ ಬದುಕು ಹೇಗಿದೆ ಎಂದು ಗೊತ್ತಿಲ್ಲದಿದ್ದರೆ ಇಲ್ಲಿ ನಡೆದದ್ದು ನಿಮಗೆ ಅರ್ಥವಾಗದು. ಹೊತ್ತು ಮೂಡುವ ಮೊದಲೇ ನಮ್ಮ ಶಾಲೆ ಶುರುವಾಗುತ್ತದೆ, ಹತ್ತು ಗಂಟೆಗೆ ಮುಗಿಯುತ್ತದೆ. ಆಮೇಲೆ ಯಾರೂ ಬಯಲಿಗೆ ಇಳಿಯುವಂತಿಲ್ಲ. ಓಣಿಗಳ ಮೇಲೆಲ್ಲ ಬೆಟಗೇರಿಯ ನೇಕಾರರು ನೇಯ್ದ ದಪ್ಪ ಬಟ್ಟೆ ಕಟ್ಟಿದ್ದಾರೆ. ಅದರ ಕೆಳಗಿನ ಹಾದಿಗೆ ನೆರಳುದಾರಿ ಎನ್ನುತ್ತೇವೆ. ಬಜಾರಿಗೆ, ದವಾಖಾನೆಗೆ, ನೆಲದಡಿಯ ಕಾಳಿನ ಹಗೆಯಿಂದ ಜೋಳ ತರಲು, ಎಲ್ಲಕ್ಕೂ ಅದೇ ದಾರಿ. ರೊಟ್ಟಿ ನಿಮ್ಮ ಕಾಲದ್ದೇ, ಶೇಂಗಾ ಚಟ್ನಿಯೂ ಅದೇ. ಅನ್ನ ಮಾತ್ರ ಹಬ್ಬಕ್ಕೆ, ಅದೂ ಒಂದು ಹಿಡಿ. ಕಪ್ಪತಗುಡ್ಡದ ಸಾಲಿನಲ್ಲಿ ನೀವು ನಿಲ್ಲಿಸಿದ ಗಾಳಿಕಂಬಗಳನ್ನು ಮೂರು ಸಲ ಬಿಚ್ಚಿ ಕಟ್ಟಿದ್ದೇವೆ, ಈಗಲೂ ತಿರುಗುತ್ತಿವೆ. ಆ ಗಾಳಿಯ ಬಲದಿಂದ ಊರಿನ ಕಾರ್ಖಾನೆ ನಡೆಯುತ್ತದೆ. ಅಲ್ಲಿ ನೀರ್ಬಾಗಿಲು ಮಾಡುತ್ತೇವೆ. ದೊಡ್ಡ ಕೊಳವೆಗಳಲ್ಲಿ ನೀರು ಬಿಡಲು, ತಡೆಯಲು ಬೇಕಾದ ಲೋಹದ ಬಾಗಿಲು ಅದು. ಇಡೀ ಜಗತ್ತಿಗೆ ನಮ್ಮ ಊರಿನಿಂದಲೇ ಹೋಗುತ್ತದೆ. ನನ್ನ ಅವ್ವ ಸಾವಂತ್ರೆವ್ವ ಅಲ್ಲಿಯೇ ಕೆಲಸಕ್ಕಿದ್ದಾಳೆ.

ನಮ್ಮ ಶಾಲೆಯಲ್ಲಿ ಪ್ರತಿಯೊಬ್ಬರಿಗೂ ಹೊರದೇಶದ ಒಬ್ಬ ದನಿಗೆಳತಿಯನ್ನೋ ದನಿಗೆಳೆಯನನ್ನೋ ಕೊಡುತ್ತಾರೆ. ಮುಖ ಕಾಣದು, ದನಿ ಮಾತ್ರ. ಅವರ ಭಾಷೆ ನಾವು, ನಮ್ಮ ಭಾಷೆ ಅವರು ಹೀಗೆಯೇ ಕಲಿಯುವುದು. ಕಡಲ ತಳದಲ್ಲಿ ಹಾಯ್ದು ಬರುವ ಆ ತಂತಿಗೆ ದನಿದಾರಿ ಎಂದು ಹೆಸರು. ಅದರಲ್ಲಿ ಒಂದು ಸಲಕ್ಕೆ ಒಂದೇ ಕಡೆಯ ಮಾತು ಹೋಗುತ್ತದೆ. ಗುಂಡಿ ಒತ್ತಿದರೆ ನಮ್ಮ ಮಾತು ಅಲ್ಲಿಗೆ, ಬಿಟ್ಟರೆ ಅವರದು ಇಲ್ಲಿಗೆ. ಯಾರು ಮೊದಲು ಒತ್ತಿದರೋ ದಾರಿ ಅವರದು. ಒಂದನೆಯ ಇಯತ್ತೆಯ ಮಕ್ಕಳಿಗೂ ಇದು ಗೊತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಇಡೀ ಊರಿಗೆ ಊರೇ ಇದನ್ನು ಮರೆಯಿತು.

ನನ್ನ ದನಿಗೆಳತಿ ಒರಾಮಾ ಎಂಬ ಬಂದರು ಪಟ್ಟಣದ ಇಲಾರಿ. ಆರು ವರ್ಷದ ಗೆಳೆತನ. ನನ್ನಿಂದ ಕನ್ನಡ ಕಲಿತವಳಾದ್ದರಿಂದ ಗದುಗಿನವರ ಹಾಗೆಯೇ ಮಾತಾಡುತ್ತಾಳೆ, ನನಗಿಂತ ಚೆನ್ನಾಗಿ ಬೈಯುತ್ತಾಳೆ. ಅವಳ ಅಜ್ಜಿ ತೆಸ್ಸಾ ಪಕ್ಕದಲ್ಲಿ ಕೂತು ನನ್ನ ಉಚ್ಚಾರಕ್ಕೆ ನಗುತ್ತಿದ್ದಳು. ನಾನು ನಿಮ್ಮ ಭಾಷೆಯನ್ನು ರೊಟ್ಟಿ ಬಡಿದ ಹಾಗೆ ಬಡಿಯುತ್ತೇನೆ ಎಂದು ಇಲಾರಿಯಿಂದ ಹೇಳಿಸಿದರೆ, ಬಡಿಯಲಿ, ಸುಡದಿದ್ದರೆ ಸಾಕು ಎಂದು ಮುದುಕಿ ಉತ್ತರ ಕಳಿಸಿದ್ದಳು. ಒಂದು ದಿನ ಮಾತಿಗೆ ಮಾತು ಬಂದು ನಮ್ಮ ಕಾರ್ಖಾನೆಯ ಗುಟ್ಟೊಂದನ್ನು ನಾನು ಇಲಾರಿಗೆ ಹೇಳಿದ್ದೆ. ನಾವು ಮಾಡಿದ ಪ್ರತಿ ನೀರ್ಬಾಗಿಲಿನ ಬುಡದಲ್ಲಿ ಒಂದು ಸಂಖ್ಯೆ ಕೊರೆದಿರುತ್ತದೆ. ಬೆಂಕಿಯೋ ನೆರೆಯೋ ಬಂದ ಹೊತ್ತಿಗೆ ಇರಲಿ ಎಂದು, ಆ ಸಂಖ್ಯೆ ಗೊತ್ತಿದ್ದರೆ ಬಾಗಿಲನ್ನು ಗದುಗಿನಿಂದಲೇ ತೆಗೆಯಬಹುದು. ಒಮ್ಮೆ ಇಲ್ಲಿಂದ ತೆಗೆದದ್ದನ್ನು ಅಲ್ಲಿಯವರು ಮತ್ತೆ ಮುಚ್ಚಲಾರರು.

ಈ ತಿಂಗಳ ನಡುವಿನಲ್ಲಿ ಒರಾಮಾದ ಸುದ್ದಿ ಬಂತು. ಅಲ್ಲಿಯ ಆಳುವವರು ಕಡಲಗೋಡೆ ಕಟ್ಟುವ ಕೆಲಸಕ್ಕೆ ಪಟ್ಟಣದ ಕೆಳಗೇರಿಯ ಮಕ್ಕಳನ್ನು ಕಳಿಸಿರೆಂದು ಹುಕುಂ ಮಾಡಿದ್ದರು. ಕೆಳಗೇರಿಯವರು ಒಲ್ಲೆವೆಂದರು. ಮರುದಿನ ಅವರ ನೀರು ನಿಂತಿತು, ಮನೆಗಳಲ್ಲಿ ತುಂಬಿಟ್ಟದ್ದಷ್ಟೇ ಉಳಿಯಿತು. ಹನ್ನೊಂದು ಸಾವಿರ ಜನ. ಇಲಾರಿಯ ಮನೆ ಕೆಳಗೇರಿಯಲ್ಲಿಯೇ. ನೀರನ್ನು ತಡೆದು ನಿಂತದ್ದು ನಮ್ಮ ಊರಿನ ಬಾಗಿಲು, ನನ್ನ ಅವ್ವನೋ ಅವಳ ಪಕ್ಕದವಳೋ ಉಜ್ಜಿ ಹೊಳಪು ಕೊಟ್ಟ ಬಾಗಿಲು. ಓಡಿಹೋಗಿ ಕಾರ್ಖಾನೆಯ ಹಿರಿಯ ದಾವಲಸಾಬ ಅಜ್ಜನ ಮುಂದೆ ನಿಂತೆ, ತೆಗೆಯಿರಿ ಎಂದೆ.

“ನಂಬರ ಬೇಕಲ್ಲವಾ ತಂಗಿ,” ಎಂದ ಅಜ್ಜ. “ಆ ಊರಿಗೆ ನಮ್ಮ ಬಾಗಲಾ ನೂರಾರು ಹೋಗ್ಯಾವ. ಕಡಲಗೋಡಿಗೂ ನಮ್ಮವ ಅದಾವ. ಕುರುಡರಂಗ ಒಂದ ತಗದ್ರ ಕಡಲು ಒಳಗ ಬರತೈತಿ. ಅಲ್ಲಿಯವರು ಬುಡ ನೋಡಿ ನಂಬರ ಹೇಳಲಿ, ಆ ಕ್ಷಣ ತಗೀತೀನಿ. ಅಲ್ಲಾನ ಆಣಿ.”

ಅಜ್ಜ ಸುಳ್ಳು ಹೇಳುವವನಲ್ಲ. ಅಂದಿನಿಂದ ಅವನೂ ಅವ್ವನೂ ಪಾಳಿ ಹಾಕಿಕೊಂಡು ಬಾಗಿಲನ್ನು ದೂರದಿಂದ ತೆಗೆಯುವ ತೆರೆಗೀಲಿಯ ಮುಂದೆ ಕೂತರು. ಅಷ್ಟರಲ್ಲಿ ಅಲ್ಲಿಯ ಆಳುವವರು ಒರಾಮಾದ ಎಲ್ಲ ದನಿದಾರಿಗಳನ್ನೂ ಮುಚ್ಚಿಬಿಟ್ಟಿದ್ದರು. ಐದು ದಿನ ಏನೂ ಇಲ್ಲ. ಆರನೆಯ ದಿನ, ಜಗತ್ತು ಛೀಮಾರಿ ಹಾಕಿತೆಂದು, ಶಾಲಾ ಮಕ್ಕಳ ದನಿದಾರಿಯೊಂದನ್ನು ದಿನಕ್ಕೆ ಒಂದು ತಾಸು ತೆರೆಯಲು ಒಪ್ಪಿದರು. ಮಕ್ಕಳು ಏನು ಮಹಾ ಮಾತಾಡಿಯಾರು ಎಂದುಕೊಂಡಿರಬೇಕು. ನೀರ್ಬಾಗಿಲಿನ ಗುಟ್ಟು ಅವರಿಗೆ ಗೊತ್ತಿರಲಿಲ್ಲ. ಇಲಾರಿಗೆ ಗೊತ್ತಿತ್ತು.

ಈಗ ನಿಮ್ಮ ಪಾಲಿಗೆ ಬರುತ್ತೇನೆ. ನಮ್ಮ ಶಾಲೆಯ ವಸ್ತುಸಂಗ್ರಹದಲ್ಲಿ ನಿಮ್ಮ ಕೈಫೋನುಗಳಿವೆ. ಅವುಗಳೊಳಗೆ ಉಳಿದದ್ದನ್ನು ನಮಗೆ ಪಾಠವಾಗಿ ತೋರಿಸುತ್ತಾರೆ. ಯಾವುದೋ ಊರು ಸುಡುತ್ತಿರುತ್ತದೆ, ಅದರ ಕೆಳಗೆ ನೀವು ಅಳುವ ಮುಖದ ಚಿತ್ರ ಒತ್ತಿರುತ್ತೀರಿ, ಅದರ ಕೆಳಗೆ ಯಾರೋ ದೋಸೆ ಹುಯ್ಯುತ್ತಿರುತ್ತಾರೆ, ಅದಕ್ಕೂ ಒತ್ತಿರುತ್ತೀರಿ. ನೋಡಿ ನಾಚಿಕೊಂಡ ನಮ್ಮ ಹಿರಿಯರು, ನಮ್ಮ ಮಕ್ಕಳು ಹೀಗಾಗಬಾರದು, ಅವರು ಪರರ ದುಃಖವನ್ನು ನೆಟ್ಟಗೆ ಅನುಭವಿಸಲಿ ಎಂದು ಅನಿಸಿಕೆ ಹಾಳೆಯ ಪದ್ಧತಿ ತಂದರು. ಪರದೇಶದ ಕೆಟ್ಟ ಸುದ್ದಿ ಬಂದರೆ ಪ್ರತಿ ವಿದ್ಯಾರ್ಥಿಯೂ ತನಗೆ ಏನನ್ನಿಸಿತೆಂದು ಒಂದು ಹಾಳೆ ಬರೆಯಬೇಕು. ಅದಕ್ಕೆ ಅಂಕವಿದೆ. ಕರುಳಿಗೆ ಹತ್ತು, ನುಡಿಗೆ ಹತ್ತು, ಓದುವ ರೀತಿಗೆ ಹತ್ತು. ಆಯ್ದ ಹಾಳೆಗಳನ್ನು ದನಿದಾರಿಯಲ್ಲಿ, ನೊಂದವರಿಗೇ ಕೇಳುವಂತೆ, ಓದಬೇಕು. ಊರ ಜನ ಶಾಲೆಯ ಪಡಸಾಲೆಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕು. ಸಂತಾಪದ ನಡುವೆ ಬರಿ ಬಿಡುವು ಬೀಳುವುದು ಅಪಶಕುನ ಎಂದು ಬೇರೆ ಆಮೇಲೆ ಯಾರೋ ಸೇರಿಸಿದರು. ಹಾಗಾಗಿ ದಾರಿ ತೆರೆಯುವ ಮೊದಲೇ ಮೊದಲಿನವರು ಗುಂಡಿ ಒತ್ತಿ ಹಿಡಿದಿರುತ್ತಾರೆ. ಓದಿ ಮುಗಿಸಿದವರು ಬೆರಳು ಎತ್ತದೆ, ಮುಂದಿನವರ ಬೆರಳು ಬಂದ ಮೇಲೆಯೇ ಕೈ ತೆಗೆಯುತ್ತಾರೆ. ತಾಸು ಮುಗಿಯುವವರೆಗೆ ಹೀಗೆಯೇ.

ಆರನೆಯ ದಿನ ಮೊದಲ ಹಾಳೆ ನನ್ನದು. ಮುಳಗುಂದ ಅಕ್ಕೋರು, ನಮ್ಮ ತರಗತಿಯ ಗುರುಗಳು, ಕರುಳಿಗೆ ಹತ್ತಕ್ಕೆ ಹತ್ತು ಕೊಟ್ಟಿದ್ದರು. ಅದರಲ್ಲಿ ತೆಸ್ಸಾ ಅಜ್ಜಿಯ ಕೆಮ್ಮು ಇತ್ತು, ಖಾಲಿ ಕೊಡದ ಸದ್ದು ಇತ್ತು, ನನ್ನ ನಿದ್ದೆಗೇಡು ಇತ್ತು. ಓದುತ್ತ ಅತ್ತೆ. ನಿಜವಾದ ಅಳು. ಪಡಸಾಲೆಯಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹನ್ನೊಂದು ನಿಮಿಷ ಓದಿದೆ. ಸುಳ್ಳೇಕೆ ಹೇಳಲಿ, ಕೆಳಗಿಳಿದು ಬಂದಾಗ ಹೆಮ್ಮೆಯಾಗಿತ್ತು. ಆ ಹೆಮ್ಮೆ ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಏಳನೆಯ ದಿನ ಇನ್ನೊಬ್ಬರು, ಎಂಟನೆಯ ದಿನ ಮತ್ತೊಬ್ಬರು. ಶಾಲೆಯ ಹಾಳೆಗಳು ಸಾಲದೆಂದು ನೇಕಾರರ ಸಂಘದವರು ಬರೆದು ತಂದರು, ಕಾರ್ಖಾನೆಯವರೂ ತಂದರು. ನನ್ನ ಅವ್ವ ಪಾಳಿ ಬಿಟ್ಟು ಬಂದು ಪಡಸಾಲೆಯಲ್ಲಿ ತಲೆ ತಗ್ಗಿಸಿ ನಿಂತು, ಮತ್ತೆ ಹೋಗಿ ಸಂಖ್ಯೆಗಾಗಿ ಕಾಯುತ್ತಿದ್ದಳು. ಸಂಖ್ಯೆ ಬರಬೇಕಾದ ಒಂದೇ ಒಂದು ದಾರಿಯ ಮೇಲೆ ಇಡೀ ಊರು ಚಾಪೆ ಹಾಸಿ ಕೂತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ದಾವಲಸಾಬ ಅಜ್ಜ ಒಮ್ಮೆ, ಯಾಕ ಏನೂ ಹೇಳವಲ್ಲರಲ್ಲ ಆ ಮಂದಿ, ಎಂದು ಕೇಳಿದ್ದನಂತೆ. ಅದಕ್ಕೆ ಮುಳಗುಂದ ಅಕ್ಕೋರು, “ಪಾಪ, ದುಃಖದಾಗ ಅವರಿಗೆ ಮಾತ ಬರವಲ್ದು. ನಾವು ಇನ್ನಷ್ಟು ಸಮಾಧಾನ ಹೇಳಬೇಕು,” ಎಂದರು. ಮರುದಿನದಿಂದ ಹಾಳೆಗಳನ್ನು ಸಣ್ಣ ಮಾಡಿದರು, ಹೆಚ್ಚು ಮಂದಿಗೆ ಅವಕಾಶ ಸಿಗಲೆಂದು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಗಾದೆ ಕಟ್ಟಿದ ಜನ ನಾವು! ಗಾದೆ ಬಾಯಿಪಾಠ ಮಾಡಿಸಿದ್ದೂ ಇದೇ ಅಕ್ಕೋರು.

ಹದಿನೇಳನೆಯ ದಿನ ನನ್ನನ್ನು ಮತ್ತೆ ಕರೆದರು. ನನ್ನ ಮೊದಲ ಹಾಳೆಯನ್ನೇ ತಿದ್ದಿ ಕೊಟ್ಟಿದ್ದರು. ವೇದಿಕೆ ಹತ್ತಿ, ನನಗಿಂತ ಮೊದಲು ಓದಿದವನ ಬೆರಳಿನ ಪಕ್ಕ ನನ್ನ ಬೆರಳಿಟ್ಟು, ಹಾಳೆ ಬಿಡಿಸಿದೆ. ತೆಸ್ಸಾ ಅಜ್ಜಿಯ ಕೆಮ್ಮಿನ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅಕ್ಕೋರ ಅಕ್ಷರ: ಇಲ್ಲಿ ತುಸು ನಿಲ್ಲು, ದನಿ ನಡುಗಲಿ. ನನ್ನ ಮೈ ಉರಿದುಹೋಯಿತು. ಆ ಮುದುಕಿ ಇದ್ದಾಳೋ ಸತ್ತಳೋ ನನಗೆ ಗೊತ್ತಿಲ್ಲ, ಅವಳ ಕೆಮ್ಮಿಗೆ ನಾನು ದನಿ ನಡುಗಿಸಬೇಕು! ನಾನೇನು ದೊಡ್ಡ ಬುದ್ಧಿವಂತಿಕೆಯ ಕೆಲಸ ಮಾಡಿದೆನೆಂದು ಭಾವಿಸಬೇಡಿ. ಬರಿ ಸಿಟ್ಟು. ಎರಡೂ ಕೈಯಿಂದ ಹಾಳೆ ಹರಿದೆ. ಹರಿಯಲು ಎರಡು ಕೈ ಬೇಕಲ್ಲ, ಗುಂಡಿಯ ಮೇಲಿನ ಬೆರಳು ಎದ್ದಿತು.

ಹನ್ನೆರಡು ದಿನಗಳಲ್ಲಿ ಮೊದಲ ಸಲ ಆ ಕಡೆಯ ದನಿ ಪಡಸಾಲೆಯಲ್ಲಿ ಕೇಳಿಸಿತು. ಒಡೆದ ದನಿ, ಕನ್ನಡ, ಗದುಗಿನ ಕನ್ನಡ.

“...ಒಂದು, ಒಂಬತ್ತು, ನಾಕು. ಮತ್ತ ಹೇಳತೀನಿ. ಎಂಟು, ಎಂಟು, ಸೊನ್ನೆ, ಮೂರು, ಒಂದು, ಒಂಬತ್ತು, ನಾಕು. ಮತ್ತ ಹೇಳತೀನಿ. ಎಂಟು, ಎಂಟು...”

ಯಾರೋ ಓಡಿ ಬಂದು ಗುಂಡಿ ಒತ್ತಲು ಕೈ ಚಾಚಿದರು, ಬಿಡುವು ಬಿತ್ತಲ್ಲ, ಅಪಶಕುನವಲ್ಲವೇ! ನಾನು ಆ ಕೈಯನ್ನು ಕಚ್ಚಿದೆ. ಹೌದು, ಕಚ್ಚಿದೆ. ಕೆಳಗೆ ನಿಂತಿದ್ದ ಅವ್ವ, “ಮುಟ್ಟಬ್ಯಾಡ್ರೋ! ಯಾರೂ ಮುಟ್ಟಬ್ಯಾಡ್ರಿ!” ಎಂದು ಕಿರುಚಿ, ಅಂಗೈ ಮೇಲೆ ಸಂಖ್ಯೆ ಗೀಚಿಕೊಂಡು, ನೆರಳುದಾರಿಯನ್ನೂ ಹಿಡಿಯದೆ, ಬಯಲಿನಲ್ಲಿಯೇ ಕಾರ್ಖಾನೆಗೆ ಓಡಿದಳು. ದಾವಲಸಾಬ ಅಜ್ಜ ಹೇಳಿದ ಮಾತಿಗೆ ತಪ್ಪಲಿಲ್ಲ. ಅವ್ವ ಹೋಗಿ ಮುಟ್ಟಿದ ಕ್ಷಣವೇ ತೆಗೆದ. ದನಿದಾರಿಯ ತಾಸು ಮುಗಿಯುವ ಮೊದಲು ಆ ಕಡೆ ಜನ ಕೂಗಾಡುವ ಸದ್ದು ಕೇಳಿಸಿತು. ಕೆಳಗೇರಿಗೆ ನೀರು ಬಂತು.

ಊರಿನಲ್ಲಿ ಹೋಳಿಗೆ ಮಾಡಿದರು. ಮರುದಿನ ಮುಳಗುಂದ ಅಕ್ಕೋರು ಹಲಗೆಯ ಮೇಲೆ ಬರೆದರು: ಒರಾಮಾಕ್ಕೆ ನೀರು ಬಂದ ಸುದ್ದಿ ಕೇಳಿ ನನಗೆ ಏನನ್ನಿಸಿತು. ಕರುಳಿಗೆ ಹತ್ತು ಅಂಕ. ನಾನು ಎದ್ದು ನಿಂತು, ಬರೆಯುವುದಿಲ್ಲ ಎಂದೆ.

“ಹಿಂಗ್ಯಾಕ ಮಾಡ್ತೀಯವಾ ಫಕೀರವ್ವಾ, ನಿನ್ನಿಂದನ ಒಳ್ಳೇದಾಗೇತಲ್ಲ, ಖುಷಿ ಆಗಿಲ್ಲೇನು?” ಎಂದರು. ಅವರು ಕೆಟ್ಟವರಲ್ಲ. ಅದೇ ನನಗೆ ತಡೆಯಲಾಗದ್ದು. ಕೆಟ್ಟವರಾಗಿದ್ದರೆ ಒಂದು ಮಾತು ಬೈದು ಸುಮ್ಮನಾಗುತ್ತಿದ್ದೆ. ಹನ್ನೆರಡು ದಿನ ನಾವು ಅವರ ಬಾಯಿ ಮುಚ್ಚಿ ಹಿಡಿದಿದ್ದೆವು ಅಕ್ಕೋರೆ, ಅದನ್ನು ಹಲಗೆಯ ಮೇಲೆ ಬರೆಯಿರಿ, ಅದಕ್ಕೆ ಅಂಕ ಕೊಡಿ ಎಂದೆ. ಅಕ್ಕೋರ ಕಣ್ಣು ತುಂಬಿತು. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು, ಮತ್ತೆ ಕಣ್ಣೀರೇ ಎಂದು ಅರಚಿದೆ. ಹಿನ್ನೋಲೆಯ ಶಿಕ್ಷೆ ಬಿದ್ದದ್ದು ಹೀಗೆ.

ಮನೆಯಲ್ಲಿಯೂ ನನ್ನನ್ನು ಒಪ್ಪುವವರಿಲ್ಲ. ಅವ್ವ, ಆದದ್ದಾಯ್ತು ಬಿಡು ಎನ್ನುತ್ತಾಳೆ, ರೊಟ್ಟಿಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕುತ್ತಾಳೆ. ಬಯಲಲ್ಲಿ ಓಡಿದ್ದರಿಂದ ಅವಳ ಕತ್ತು, ತೋಳು ಸುಟ್ಟು ಸಿಪ್ಪೆ ಏಳುತ್ತಿದೆ. ಅದರ ಬಗ್ಗೆ ಒಂದು ಮಾತು ಆಡಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮೊನ್ನೆಯವರೆಗೆ ಅವಳೂ ತಲೆ ತಗ್ಗಿಸಿ ನಿಂತಿದ್ದಳಲ್ಲ ಎಂದು ನೆನಪಾದಾಗ ತಟ್ಟೆ ಬಿಟ್ಟು ಏಳುತ್ತೇನೆ.

ಹತ್ತೊಂಬತ್ತನೆಯ ದಿನ ಒರಾಮಾದ ದನಿದಾರಿಗಳೆಲ್ಲ ತೆರೆದವು. ಇಲಾರಿಯೇ ನನ್ನನ್ನು ಕರೆಸಿದಳು. ನಾನು ಗುಂಡಿ ಮುಟ್ಟಲಿಲ್ಲ, ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ದಾರಿ ತೆರೆದ ಮೊದಲ ದಿನವೇ ಸಂಖ್ಯೆ ಹಿಡಿದು ಬಂದು ಕೂತಿದ್ದಳಂತೆ. ಅವಳ ಅಪ್ಪ ಒಂದು ಇಡೀ ಹಗಲು ಕೊಳವೆಯ ಒಳಗೆ ತೆವಳಿ ಹೋಗಿ ಬುಡದ ಅಕ್ಷರ ಓದಿಕೊಂಡು ಬಂದಿದ್ದನಂತೆ. ಈ ಕಡೆಯಿಂದ ನನ್ನ ದನಿ ಬಂದಾಗ ತೆಸ್ಸಾ ಅಜ್ಜಿ ಗುರುತು ಹಿಡಿದು ನಕ್ಕಳಂತೆ, ನಮ್ಮ ಹುಡುಗಿ ಬಂದಳು, ಇನ್ನು ಚಿಂತೆಯಿಲ್ಲ ಎಂದಳಂತೆ. ಆಮೇಲೆ ಕಾದರಂತೆ.

“ನಿನಗ ಗೊತ್ತೈತೇನ ಫಕೀರವ್ವಾ,” ಎಂದಳು ಇಲಾರಿ. “ಅಜ್ಜಿಗೆ ನಿಮ್ಮ ಭಾಷಾ ಬರ್ಲಿಲ್ಲ ಅಂದ್ರೂ ಪೂರ್ತಿ ಕೇಳಿಸ್ಕೊಂಡ್ಲು. ಕೊನೀಗೆ ನನ್ನ ಕೇಳಿದ್ಲು, ಈ ಹುಡುಗಿ ಯಾಕ ಇಷ್ಟ ಮಾತಾಡತೈತಿ, ಒಂದ ಸಲ ಉಸಿರ ತಗೊಂಡ್ರ ನಾವು ಹೇಳಬಹುದಿತ್ತಲ್ಲ, ಅಂತ. ತನ್ನ ಪಾಲಿನ ನೀರು ಸಣ್ಣ ಹುಡುಗರಿಗೆ ಕೊಟ್ಟಕೋತ ಬಂದಿದ್ಲು. ಒಂಬತ್ತನೇ ದಿನ ಹೋದ್ಲು.” ಆಮೇಲೆ ಹೇಳಿದಳು: “ನಾ ಬ್ಯಾರೆ ಊರಿನ ದನಿಗೆಳತಿ ಕೇಳೇನಿ. ನಿನ್ನ ದನಿ ನನಗ ಇನ್ನ ಆಗಂಗಿಲ್ಲ.”

ಅವಳು ಮಾಡಿದ್ದು ಸರಿ. ಅವಳ ಜಾಗದಲ್ಲಿ ನಾನಿದ್ದರೆ ಇಷ್ಟು ಸೌಮ್ಯವಾಗಿ ಹೇಳುತ್ತಿರಲಿಲ್ಲ.

ಹಿಂದಿನವರೇ, ಹಿನ್ನೋಲೆಯ ಕೊನೆಗೆ ಒಂದು ಬೇಡಿಕೆ ಇಡಬೇಕೆಂಬ ನಿಯಮವಿದೆ. ಉಳಿದವರೆಲ್ಲ ಮರ ಕಡಿಯಬೇಡಿ, ಹೊಗೆ ಬಿಡಬೇಡಿ ಎಂದು ಬರೆಯುತ್ತಾರೆ. ನೀವು ಕೇಳುವ ಪೈಕಿಯಲ್ಲ, ಅದು ನಮಗೆ ಗೊತ್ತು. ನನ್ನದು ಸಣ್ಣದು. ಈ ಓಲೆ ಓದಿ ನಿಮಗೆ ಕಣ್ಣೀರು ಬಂದರೆ ಅದನ್ನು ಯಾರಿಗೂ ತೋರಿಸಬೇಡಿ, ಯಾರಿಗೂ ಬರೆಯಬೇಡಿ. ನಿಮಗೆ ಏನನ್ನಿಸಿತೆಂದು ಯಾರೂ ಕೇಳಿಲ್ಲ. ನಿಮ್ಮ ಕಾಲದಲ್ಲಿಯೂ ಯಾವುದಾದರೂ ಊರಿನ ನೀರು ನಿಂತಿರುತ್ತದೆ. ಅದರ ಬಾಗಿಲು ಎಲ್ಲಿ ತಯಾರಾಯಿತು, ಯಾರು ತೆಗೆಯಬಲ್ಲರು ಎಂದು ವಿಚಾರಿಸಿ, ಅವರ ಮನೆಯ ಮುಂದೆ ಹೋಗಿ ನಿಲ್ಲಿ.

ದನಿದಾರಿಯಲ್ಲಿ ನನ್ನ ಪಾಳಿ ಇಂದು ಬೆಳಿಗ್ಗೆಯೂ ಇತ್ತು. ಒರಾಮಾದ ಕಡೆ ಬೇರೆ ಯಾರೋ ಹುಡುಗಿ ಬಂದಿದ್ದಳು. ಇಲಾರಿ ಹೇಗಿದ್ದಾಳೆ ಎಂದು ಒಂದೇ ಮಾತು ಕೇಳಿ ಬೆರಳು ತೆಗೆದೆ. ಇಲ್ಲಿಯೇ ಕೂತಿದ್ದಾಳೆ, ಮಾತಾಡುವುದಿಲ್ಲವಂತೆ ಎಂದಳು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ತಾಸು ಮುಗಿಯುವವರೆಗೆ ಕೂತೆ. ಇಲಾರಿ ಒಂದು ಮಾತೂ ಆಡಲಿಲ್ಲ. ಎದ್ದು ಹೋದ ಸದ್ದೂ ಬರಲಿಲ್ಲ.

ಇಂತಿ, ಸಿಟ್ಟು ಇನ್ನೂ ಇಳಿಯದ,
ಫಕೀರವ್ವ ಹೊಂಬಳ